ಪಾಟನ್‌ಗಢದ ಗೋಡೆ

ಭೋಪಾಲದ ಭಾರತ ಭವನ 1982ರಲ್ಲಿ ಬಾಗಿಲು ತೆರೆಯಿತು. ಅದಕ್ಕೂ ಸ್ವಲ್ಪ ಮೊದಲು, ಅಲ್ಲಿನ ಕಲಾ ಸಂಗ್ರಹಾಲಯದ ಹೊಣೆ ಹೊತ್ತಿದ್ದ ಹಿರಿಯ ಚಿತ್ರಕಾರ ಜೆ. ಸ್ವಾಮಿನಾಥನ್ ಎಳೆಯ ಕಲಾವಿದರ ತಂಡಗಳನ್ನು ಮಧ್ಯಪ್ರದೇಶದ ಹಳ್ಳಿಹಳ್ಳಿಗೆ ಕಳಿಸಿದ್ದರು. ಪಾಟನ್‌ಗಢ ಎಂಬ ಊರಿನಲ್ಲಿ ಒಂದು ಮನೆಯ ಗೋಡೆಯ ಮೇಲಿದ್ದ ಹನುಮಂತ ಆ ಹುಡುಗರನ್ನು ತಡೆದು ನಿಲ್ಲಿಸಿದ. ಬರೆದವರು ಯಾರು ಎಂದು ಕೇಳಿದರೆ, ಕೂಲಿನಾಲಿ ಮಾಡಿಕೊಂಡಿದ್ದ ತರುಣ, ಜನಗಢ ಸಿಂಗ್ ಶ್ಯಾಮ್. ಆ ಹುಡುಗರು ಬೇರೆ ಓಣಿ ಹಿಡಿದಿದ್ದರೆ ಈ ಕಥೆಯೇ ಇಲ್ಲ.

ಜನಗಢ ಹುಟ್ಟಿದ್ದು ಪರಧಾನ್ ಗೊಂಡರ ಮನೆಯಲ್ಲಿ. ಗೊಂಡ ಒಕ್ಕಲುಗಳ ಮನೆಮನೆಗೆ ಹೋಗಿ, ಬಾನಾ ಎಂಬ ತಂತಿವಾದ್ಯ ನುಡಿಸುತ್ತ, ದೇವರ ಮತ್ತು ಮನೆತನಗಳ ಕಥೆ ಹಾಡುವುದು ಪರಧಾನರ ಕಾಯಕ. ಅವರ ದೇವರುಗಳು ಬದುಕಿದ್ದು ಹಾಡಿನಲ್ಲಿ. ಭೋಪಾಲಕ್ಕೆ ಬಂದ ಜನಗಢ ಕಾಗದ, ಬಣ್ಣ ಕೈಗೆ ಸಿಕ್ಕಿದ್ದೇ ತಡ, ಆ ದೇವರುಗಳಿಗೆ ಮೈ ಕೊಟ್ಟರು. ಜಿಂಕೆಯ ಕೊಂಬು ಮರವಾಗಿ ಕವಲೊಡೆಯಿತು. ಹಕ್ಕಿಯ ಒಡಲು ಸಾಲುಸಾಲು ಚುಕ್ಕೆಗಳಿಂದ ತುಂಬಿತು. 1989ರಲ್ಲಿ ಪ್ಯಾರಿಸ್ಸಿನ ಪಾಂಪಿಡೂ ಕೇಂದ್ರದ ದೊಡ್ಡ ಪ್ರದರ್ಶನದಲ್ಲಿ ಈ ಚಿತ್ರಗಳಿದ್ದವು.

ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಬೇರೆ. ಜನಗಢ ತಮಗೆ ಒದಗಿದ ಅದೃಷ್ಟವನ್ನು ಒಬ್ಬರೇ ಇಟ್ಟುಕೊಳ್ಳಲಿಲ್ಲ. ಊರಿನ ನೆಂಟರಿಷ್ಟರನ್ನು ಕರೆಸಿಕೊಂಡು ಮನೆಯಲ್ಲಿಟ್ಟುಕೊಂಡರು, ಕೈಗೆ ಕುಂಚ ಕೊಟ್ಟರು. ರಾತ್ರಿ ಕಾವಲು ಕೆಲಸ ಮಾಡುತ್ತಿದ್ದ ಭಜ್ಜು ಶ್ಯಾಮ್ ಕಲಿತದ್ದು ಹಾಗೆ. ಮುಂದೆ ಲಂಡನ್ನಿಗೆ ಹೋಗಿ ಬಂದ ಭಜ್ಜು, ಅಲ್ಲಿನ ಬಿಗ್ ಬೆನ್ ಗಡಿಯಾರಕ್ಕೂ ತಮ್ಮೂರ ಹುಂಜಕ್ಕೂ ಒಂದೇ ಮೈ ಬರೆದರು. ಇಬ್ಬರೂ ಹೊತ್ತು ಸಾರುವವರೇ ತಾನೆ! 2018ರಲ್ಲಿ ಅವರಿಗೆ ಪದ್ಮಶ್ರೀ ಬಂತು.

ಇನ್ನು ನಮ್ಮ ತಿಳಿಗೇಡಿತನ. ಬುಡಕಟ್ಟಿನವರು ಕಾಗದದ ಮೇಲೆ ಬರೆದರೆ ಅವರ ಕಲೆ ಕೆಡುತ್ತದೆ ಎಂದು ಕೊರಗಿದವರಿದ್ದರು. ಅದೇ ಚಿತ್ರಗಳಿಗೆ ಬೆಲೆ ಬಂದ ಮೇಲೆ ಮಾರುಕಟ್ಟೆ ಅವಕ್ಕೆ ‘ಸಾವಿರಾರು ವರ್ಷಗಳ ಗೊಂಡ ಕಲೆ’ ಎಂಬ ಚೀಟಿ ಅಂಟಿಸಿತು. ಗೋಡೆ, ಅಂಗಳ ಸಿಂಗರಿಸುವ ಪದ್ಧತಿ ಹಳೆಯದು, ನಿಜ. ಈ ಚಿತ್ರಶೈಲಿ ಮಾತ್ರ ನಮ್ಮ ಕಾಲದಲ್ಲೇ ಬದುಕಿದ್ದ ಒಬ್ಬ ಮನುಷ್ಯನ ಕಲ್ಪನೆ, ಆತನ ದುಡಿಮೆ. ಹಳತು ಎಂದಷ್ಟೂ ಬೆಲೆ ಏರುತ್ತದೆಂದು ಆ ಮನುಷ್ಯನನ್ನೇ ಅಳಿಸಿಬಿಡುವುದು ನನಗೆ ಅನ್ಯಾಯವಾಗಿ ಕಾಣುತ್ತದೆ.

2001ರ ಜುಲೈನಲ್ಲಿ, ಜಪಾನಿನ ಸಂಗ್ರಹಾಲಯವೊಂದರಲ್ಲಿ ಚಿತ್ರ ಬರೆಯಲು ಹೋಗಿದ್ದ ಜನಗಢ ಅಲ್ಲೇ ತೀರಿಕೊಂಡರು. ಆಗ ಅವರಿಗೆ ನಲವತ್ತರ ಆಸುಪಾಸು. ಹಿಂದಿ ಲೇಖಕ ಉದಯನ್ ವಾಜಪೇಯಿ ಈ ಶೈಲಿಯನ್ನು ‘ಜನಗಢ ಕಲಂ’ ಎಂದು ಕರೆದರು. ನಾನೂ ಅದನ್ನು ಹಾಗೆಯೇ ಕರೆಯುತ್ತೇನೆ.