ಕೆರಳುವ ಕರುಳಿನ ದಿನಚರಿ

ಬಹಿರ್ದೆಸೆಯ ವಿಚಾರವನ್ನು ನಾಲ್ಕು ಜನರ ನಡುವೆ ಎತ್ತಲು ಸಂಕೋಚಪಡುವುದು ನಮ್ಮಲ್ಲಿ ಬಹುಕಾಲದ ರೂಢಿ. ಆ ಸಂಕೋಚ ಸಹಜವೇ ಆದರೂ, ಅದರ ದೆಸೆಯಿಂದ ವರ್ಷಾನುಗಟ್ಟಲೆ ಮೌನವಾಗಿ ನರಳುವವರಿರುವುದರಿಂದ, ಈ ಹೊತ್ತು ಅದನ್ನು ಬದಿಗಿರಿಸಿ ಮಾತನಾಡಬೇಕಾಗಿದೆ. ವೈದ್ಯರು ಐ.ಬಿ.ಎಸ್. ಎಂದು ಕರೆಯುವ ಕೆರಳುವ ಕರುಳಿನ ವ್ಯಾಧಿಗೆ ಒಳಗಾದವರನ್ನು ಬಹುವಾಗಿ ಕಾಡುವ ಪ್ರಶ್ನೆ ಒಂದುಂಟು: ಮೂರು ದಿನ ಕಟ್ಟಿಕೊಂಡಿದ್ದ ಹೊಟ್ಟೆ ನಾಲ್ಕನೆಯ ದಿನ ತಿಂಡಿಯ ಹೊತ್ತಿಗೆ ಮೂರು ಸಲ ಎದ್ದು ಓಡುವಂತೆ ಮಾಡುತ್ತದಲ್ಲ, ಒಂದೇ ಕರುಳಿಗೆ ಈ ಎರಡು ಸ್ವಭಾವಗಳು ಎಲ್ಲಿಂದ ಬಂದವು? ಅವಸ್ಥೆ ಹೊಸದೇನೂ ಅಲ್ಲ. ಚರಕಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ ಗ್ರಹಣಿ ಎಂಬ ರೋಗಕ್ಕೆ ಮೀಸಲಾದ ಅಧ್ಯಾಯವೇ ಇದ್ದು, ಒಮ್ಮೆ ಬದ್ಧವಾಗಿ ಒಮ್ಮೆ ದ್ರವವಾಗುವ ಮಲದ ವರ್ಣನೆ ಅಲ್ಲಿಯೂ ಬರುತ್ತದೆ. ಎರಡೂ ಒಂದೇ ರೋಗವೆನ್ನಲಾಗದು, ಆದರೆ ಪ್ರಶ್ನೆ ಪ್ರಾಚೀನವಾದುದು.

ನಾವು ಉಂಡು ಕುಡಿದುದರೊಡನೆ ದೇಹವೇ ಸ್ರವಿಸುವ ಜೀರ್ಣರಸಗಳೂ ಸೇರಿ ದಿನವೊಂದಕ್ಕೆ ಸುಮಾರು 9 ಲೀಟರ್ ದ್ರವ ಸಣ್ಣ ಕರುಳನ್ನು ಹೊಗುತ್ತದೆ. ಅದರ ಬಹುಭಾಗ ಅಲ್ಲಿಯೇ ರಕ್ತಗತವಾಗಿ, ಒಂದೂವರೆ ಲೀಟರಿನಷ್ಟು ಮಾತ್ರ ದೊಡ್ಡ ಕರುಳಿಗೆ ಇಳಿದು, ಕಟ್ಟಕಡೆಗೆ ಮಲದೊಡನೆ ಹೊರಬೀಳುವ ನೀರು 100ರಿಂದ 200 ಮಿಲಿಲೀಟರು. ದೊಡ್ಡ ಕರುಳಿನ ನಡೆ ಮಂದವಾದರೆ ನೀರು ಅತಿಯಾಗಿ ಹೀರಿಹೋಗಿ ಮಲವು ಮೇಕೆಯ ಹಿಕ್ಕೆಯಂತೆ ಬಿಡಿಬಿಡಿಯಾಗಿ ಗಟ್ಟಿಯಾಗುತ್ತದೆ; ನಡೆ ತ್ವರಿತವಾದರೆ ಹೀರುವುದಕ್ಕೆ ಅವಕಾಶವೇ ಒದಗದೆ ತೆಳ್ಳಗೆ ಹೊರಡುತ್ತದೆ. ಹೀಗೆ ಮಲಬದ್ಧತೆಯೂ ಭೇದಿಯೂ ಬಹುಮಟ್ಟಿಗೆ ಒಂದೇ ಚಲನೆಯ ಎರಡು ತುದಿಗಳು. ಇಂಗ್ಲೆಂಡಿನ ಬ್ರಿಸ್ಟಲ್ ನಗರದ ಲೂಯಿಸ್ ಮತ್ತು ಹೀಟನ್ ಎಂಬವರು 1997ರಲ್ಲಿ ಮಲದ ಆಕಾರಗಳನ್ನು ಏಳು ಬಗೆಯಾಗಿ ವಿಂಗಡಿಸಿ, ಆಕಾರವನ್ನು ನೋಡಿಯೇ ಕರುಳಿನ ವೇಗವನ್ನು ಅಂದಾಜಿಸಬಹುದೆಂದು ತೋರಿಸಿದರು; ಆದಕಾರಣ ವೈದ್ಯರು ‘ಹೇಗೆ ಆಗುತ್ತದೆ’ ಎಂದು ಕೇಳಿದಾಗ ನಾಚಿ ‘ಸರಿಯಿಲ್ಲ’ ಎಂದಷ್ಟೇ ಹೇಳಿ ಸುಮ್ಮನಾಗಬಾರದು.

ಪ್ರತಿದಿನ ಬೆಳಗ್ಗೆ ಒಮ್ಮೆ ಆಗಲೇಬೇಕೆಂಬ ನಮ್ಮ ಮನೆಗಳ ನಿಷ್ಠೆಯಿಂದಲೂ ಸಂಕಟ ಬೆಳೆಯುತ್ತದೆ. ದಿನಕ್ಕೆ ಮೂರು ಸಲದಿಂದ ಮೊದಲ್ಗೊಂಡು ವಾರಕ್ಕೆ ಮೂರು ಸಲದವರೆಗೆ ಯಾವುದೂ ಆರೋಗ್ಯದ ಎಲ್ಲೆಯೊಳಗಿನದೇ. ಇದನ್ನರಿಯದೆ, ಒಂದು ದಿನ ತಪ್ಪಿತೆಂದು ಭೇದಿಮದ್ದು ಕುಡಿದವನ ಕರುಳು ಪೂರ್ತಿ ಬರಿದಾಗಿ, ಮತ್ತೆ ತುಂಬಲು ಎರಡು ಮೂರು ದಿನ ಹಿಡಿಯುತ್ತದೆ. ಆ ಬರಿದಾದ ದಿನಗಳನ್ನೇ ಮಲಬದ್ಧತೆಯೆಂದು ಭ್ರಮಿಸಿ ಅವನು ಪುನಃ ಮದ್ದಿಗೆ ಕೈಯೊಡ್ಡುತ್ತಾನೆ. ಇನ್ನು, ಹೋಗಿ ಬಂದ ಮೇಲೂ ‘ಪೂರ್ತಿ ಆಗಲಿಲ್ಲ’ ಎಂದು ಮರಳಿ ಹೋಗಿ ತಿಣುಕುವವರು ಅನೇಕರು. ಅವರ ಗುದನಾಳದ ಸಂವೇದನೆ ಅತಿಸೂಕ್ಷ್ಮವಾಗಿರುವುದರಿಂದ, ಬರಿದಾದ ಮೇಲೂ ತುಂಬಿದಂತೆಯೇ ಸುದ್ದಿ ಮುಟ್ಟಿಸುತ್ತಿರುತ್ತದೆ. ತಿಣುಕಿದಷ್ಟೂ ಕೆರಳಿಕೆ ಹೆಚ್ಚುವುದಲ್ಲದೆ ಬೇರೆ ಫಲವಿಲ್ಲ.

ಪರೀಕ್ಷೆಗಳಲ್ಲಿ ಹುಣ್ಣಾಗಲಿ ಗಂಟಾಗಲಿ ಕಾಣಲಿಲ್ಲವೆಂದೊಡನೆ ‘ಎಲ್ಲ ಮನಸ್ಸಿನದು’ ಎಂದು ಮನೆಯವರು ಹೇಳಿಬಿಡುವುದುಂಟು. ಈ ಮಾತಿನಷ್ಟು ರೋಗಿಯನ್ನು ನೋಯಿಸುವುದು ಮತ್ತೊಂದಿಲ್ಲ. 1947ರಲ್ಲಿ ಅಮೆರಿಕದ ಆಲ್ಮಿ ಎಂಬ ವೈದ್ಯರು ಆರೋಗ್ಯವಂತರಾದ ವಿದ್ಯಾರ್ಥಿಗಳ ತಲೆಗೆ ಬಿಗಿಪಟ್ಟಿ ಕಟ್ಟಿ ನೋವುಂಟುಮಾಡಿ, ನಳಿಕೆಯ ಮೂಲಕ ಅವರ ದೊಡ್ಡ ಕರುಳನ್ನು ನೋಡಿದಾಗ, ಅದರ ಒಳಪೊರೆ ಕೆಂಪೇರಿ ಗೋಡೆ ಸಂಕುಚಿಸುವುದು ಕಣ್ಣಿಗೆ ಕಂಡಿತು. ಮನಸ್ಸಿನ ಕ್ಷೋಭೆ ಕರುಳನ್ನು ಮುಟ್ಟುವುದು ಸತ್ಯ. ಮುಟ್ಟಿದ ಮೇಲೆ ಕರುಳಿನಲ್ಲಿ ನಡೆಯುವುದೂ ಅಷ್ಟೇ ಸತ್ಯ. ಕೆಲವರಿಗಂತೂ ಈ ವ್ಯಾಧಿ ಆರಂಭವಾಗುವುದು ಚಿಂತೆಯಿಂದಲ್ಲ, ತೀವ್ರವಾದ ವಾಂತಿಭೇದಿಯೊಂದು ವಾಸಿಯಾದ ಬಳಿಕ.

ಹೊಟ್ಟೆಗೆ ಆಹಾರ ಬಿದ್ದೊಡನೆ ದೊಡ್ಡ ಕರುಳು ಅಲುಗಾಡುವುದು ಎಲ್ಲರಲ್ಲಿಯೂ ಇರುವ ಧರ್ಮ. ಈ ವ್ಯಾಧಿಯುಳ್ಳವರಲ್ಲಿ ಅದು ಅತಿರೇಕಕ್ಕೆ ಹೋಗಬಹುದು. ತುಮಕೂರಿನಿಂದ ಬೆಂಗಳೂರಿಗೆ ಮುಂಜಾನೆಯ ಬಸ್ಸು ಹಿಡಿಯುವ ಗುಮಾಸ್ತನೊಬ್ಬ ಕಾಫಿಯನ್ನೂ ಮುಟ್ಟದೆ ಹೊರಟು, ದಾರಿಯಲ್ಲಿ ಬಸ್ಸು ಎಲ್ಲೆಲ್ಲಿ ನಿಲ್ಲುತ್ತದೆಂದು ಲೆಕ್ಕಹಾಕುತ್ತ ಕುಳಿತಿರುವುದನ್ನು ಹೇಡಿತನವೆನ್ನಬಾರದು. ಅರ್ಧ ಗಂಟೆ ಮುಂಚೆ ಎದ್ದು, ಸ್ವಲ್ಪವೇ ತಿಂದು, ಅವಸರವಿಲ್ಲದೆ ಶೌಚಕ್ಕೆ ಕುಳಿತು ಹೊರಡುವ ಅಭ್ಯಾಸ ಅವನ ಉಪವಾಸಕ್ಕಿಂತ ಹೆಚ್ಚು ಉಪಕಾರಿ.

ಆದರೆ ಮಲದಲ್ಲಿ ರಕ್ತ, ಕಾರಣವಿಲ್ಲದೆ ತೂಕ ಇಳಿಯುವುದು, ಜ್ವರ, ರಕ್ತಹೀನತೆ, ನಿದ್ದೆಯಿಂದ ಎಬ್ಬಿಸುವ ಭೇದಿ, ಇಲ್ಲವೇ ಐವತ್ತರ ಮೇಲೆ ಹೊಸದಾಗಿ ತೋರಿದ ಬದಲಾವಣೆ, ಇವುಗಳಲ್ಲಿ ಒಂದು ಕಂಡರೂ ಕೆರಳುವ ಕರುಳೆಂದು ತಾವೇ ನಿರ್ಣಯಿಸಿ ಕೂರದೆ ವೈದ್ಯರಲ್ಲಿಗೆ ಹೋಗಬೇಕು.

ಆಹಾರದ ವಿಷಯದಲ್ಲಿ ಗೋಧಿಯ ತೌಡು ಕೆಲವರಿಗೆ ಉಬ್ಬರವನ್ನೇ ಹೆಚ್ಚಿಸುತ್ತದೆ; ನೀರಿನಲ್ಲಿ ನೆನೆದು ಲೋಳೆಯಾಗುವ ಇಸಬಗೋಲು ಕಟ್ಟಿದುದನ್ನು ಸಡಿಲಿಸಿ, ಸಡಿಲಾದುದಕ್ಕೆ ಆಕಾರ ಕೊಡಬಲ್ಲುದು. ಆಸ್ಟ್ರೇಲಿಯದ ಮೊನಾಶ್ ವಿಶ್ವವಿದ್ಯಾಲಯದವರು ರೂಪಿಸಿದ ಪಥ್ಯದಲ್ಲಿ ಈರುಳ್ಳಿ, ಬೆಳ್ಳುಳ್ಳಿ, ಗೋಧಿ, ಹಾಲು ಮತ್ತು ಬಗೆಬಗೆಯ ಕಾಳುಗಳು ಕೆಲವು ವಾರಗಳ ಮಟ್ಟಿಗೆ ವರ್ಜ್ಯ. ನಮ್ಮ ಹುಳಿ, ಪಲ್ಯ, ಉಸಲಿಗಳಲ್ಲಿ ಇವಿಲ್ಲದ ಅಡುಗೆ ವಿರಳವಾದ್ದರಿಂದ ಇದನ್ನು ಬಲ್ಲವರ ಮಾರ್ಗದರ್ಶನದಲ್ಲಿ ಕೈಗೊಳ್ಳುವುದು ಲೇಸು. ಪಥ್ಯದ ಉತ್ತರಾರ್ಧವನ್ನು ಬಹಳ ಜನ ಮರೆತು, ಬಿಟ್ಟುದೆಲ್ಲವನ್ನೂ ಜನ್ಮಕ್ಕೇ ಬಿಟ್ಟು ಸೊರಗುತ್ತಾರೆ. ಬಿಟ್ಟ ಪದಾರ್ಥಗಳನ್ನು ಒಂದೊಂದಾಗಿ, ಒಂದೆರಡು ಚಮಚದಿಂದ ಆರಂಭಿಸಿ, ಎರಡು ಮೂರು ದಿನ ಕರುಳಿನ ಉತ್ತರವನ್ನು ಬರೆದಿಟ್ಟುಕೊಳ್ಳುತ್ತ, ತನಗೆ ಒಗ್ಗಿದುದನ್ನೆಲ್ಲ ಮರಳಿ ಎಲೆಗೆ ಬಡಿಸಿಕೊಳ್ಳಬೇಕು.