ಮೆಚ್ಚಿದ್ದನ್ನು ಬರೆದು ತಿಳಿಸೋಣ



1931ರಲ್ಲಿ ‘ಗರತಿಯ ಹಾಡು’ ಪುಸ್ತಕ ಅಚ್ಚಾಯಿತು. ಆಗ ಇಂಡಿ ತಾಲೂಕಿಗೆ ಸೇರಿದ್ದ ಹಲಸಂಗಿಯ ಮಧುರಚೆನ್ನ, ಸಿಂಪಿ ಲಿಂಗಣ್ಣ ಮತ್ತು ಅವರ ಗೆಳೆಯರು ಹೆಣ್ಣುಮಕ್ಕಳ ಬಾಯಿಂದ ಕೇಳಿ ಬರೆದುಕೊಂಡ ತ್ರಿಪದಿಗಳು ಅದರಲ್ಲಿವೆ. ಬೀಸುಕಲ್ಲಿನ ಮುಂದೆ ಹಾಡಿದ ತಾಯಂದಿರ ಹಾಡು ಕೇಳಿ ಬರೀ ತಲೆದೂಗಿ ಎದ್ದು ಹೋಗಿದ್ದರೆ ಆ ಹಾಡುಗಳು ನಮಗೆ ದಕ್ಕುತ್ತಿರಲಿಲ್ಲ. ಮೆಚ್ಚಿದ್ದನ್ನು ಕಾಗದಕ್ಕೆ ಇಳಿಸಿದರು, ಅದು ದೊಡ್ಡದು.

ನಾವು ಹಾಗಲ್ಲ. ತಕರಾರು ಅರ್ಜಿ ಬರೆಯಲು ತಡಮಾಡುವುದಿಲ್ಲ. ಮೆಚ್ಚುಗೆ ಮಾತ್ರ ಮನಸ್ಸಿನಲ್ಲೇ ಉಳಿದುಬಿಡುತ್ತದೆ. ಬರೆಯುವಾಗ ‘ನೀವು ಬಹಳ ಒಳ್ಳೆಯವರು’ ಎಂದರೆ ಸಾಲದು. ‘ಸರ, ಮಗಳಿಗೆ ಭಾಗಾಕಾರ ತಿಳಿಯದಿದ್ದಾಗ ಶಾಲೆ ಬಿಟ್ಟ ಮೇಲೂ ಕೂರಿಸಿಕೊಂಡು ಕಲಿಸಿದಿರಿ’ ಎಂದು ಬರೆಯಿರಿ. ಆ ಗುರುಗಳು ಅದನ್ನು ಮನೆಮಂದಿಗೆಲ್ಲ ಓದಿ ಹೇಳುತ್ತಾರೆ. ಗೆಳೆಯರಿಗೂ, ಗುರುತಿಲ್ಲದ ಬಸ್ ಚಾಲಕರಿಗೂ ಹೀಗೆಯೇ ಬರೆಯಬಹುದು.

ಒಂದು ಊರು ಇನ್ನೊಂದು ಊರಿಗೂ ಬರೆಯಬಹುದಲ್ಲ! ಆಲಮಟ್ಟಿ, ನಾರಾಯಣಪುರ ಜಲಾಶಯಗಳಿಗಾಗಿ ಬಸವನ ಬಾಗೇವಾಡಿ, ಮುದ್ದೇಬಿಹಾಳ ಭಾಗದ ಎಷ್ಟೋ ಕುಟುಂಬಗಳು ಹೊಲ, ಮನೆ, ಗುಡಿಗಳನ್ನು ಬಿಟ್ಟು ಪುನರ್ವಸತಿ ಕೇಂದ್ರಗಳಿಗೆ ಹೋದವು. ಕೃಷ್ಣೆಯ ನೀರು ಕಾಲುವೆಯಲ್ಲಿ ಸಿಂದಗಿ, ಇಂಡಿ ಕಡೆಗೆ ಹರಿಯಿತು. ಊರು ಬಿಟ್ಟ ಆ ಕುಟುಂಬಗಳಿಗೆ ಪರಿಹಾರದ ನೋಟಿಸುಗಳು ಹೋಗಿವೆ. ನೀರುಂಡ ಊರುಗಳಿಂದ ಒಂದು ಕೃತಜ್ಞತೆಯ ಪತ್ರವೂ ಹೋಗಲೇಬೇಕು.

ಇಂಡಿ, ಸಿಂದಗಿಯ ಶಾಲೆಗಳ ಗುರುಗಳೇ, ಈ ವಾರ ಮಕ್ಕಳ ಕೈಯಲ್ಲಿ ಅಂಥದ್ದೊಂದು ಪತ್ರ ಬರೆಸಿ, ಅಂಚೆಗೆ ಹಾಕಿಸಿರಿ.