ಯಾವಾಗ್ಲೂ ಅವರೇ ಗೆದ್ರೆ ನಾವ್ಯಾಕೆ ಆಡ್ಬೇಕು?

(ನಮ್ಮ ಚಾನೆಲ್‌ನ ಮಾತಿನ ಬರಹರೂಪ. ಓದೋಕೆ ಅನುಕೂಲ ಆಗಲಿ ಅಂತ ಅಲ್ಲಲ್ಲಿ ಸ್ವಲ್ಪ ತಿದ್ದಿದ್ದೇವೆ.)

ಡೊಂಬಿವಲಿ, ಕಲ್ಯಾಣ್, ಥಾಣೆ, ಐರೋಳಿ, ಘಣಸೋಳಿ ಕಡೆಯಿಂದ ನೋಡ್ತಾ ಇರೋ ಎಲ್ಲ ಕನ್ನಡದ ಗೆಳೆಯರಿಗೂ ನಮಸ್ಕಾರ. ನಿಮ್ಮಲ್ಲಿ ತುಂಬಾ ಜನ ಇದನ್ನ ಲೋಕಲ್‌ನಲ್ಲಿ ನಿಂತ್ಕೊಂಡೇ ಕೇಳ್ತಾ ಇರ್ತೀರ. ಫೋರ್ತ್ ಸೀಟ್ ಸಿಕ್ಕಿದ್ರೆ ಇನ್ನೂ ಒಳ್ಳೇದು.

ಇವತ್ತಿನ ವಿಷಯ ನನ್ನ ಮಗಳಿಂದ ಶುರುವಾಗಿದ್ದು. ಅವಳು ಏಳನೇ ಕ್ಲಾಸು. ಶಾಲೆಯ ಬಾಸ್ಕೆಟ್‌ಬಾಲ್ ತಂಡದಲ್ಲಿ ಆಡ್ತಾಳೆ. ಕಳೆದ ವರ್ಷ ಅಂತರಶಾಲಾ ಪಂದ್ಯಾವಳಿಯ ಸೆಮಿಫೈನಲ್‌ನಲ್ಲಿ ಇವರು 34 ಪಾಯಿಂಟ್‌ಗಳಿಂದ ಸೋತ್ರು. ಎದುರಾಳಿ ಯಾರು ಅಂದ್ರೆ, ಪ್ರತಿ ವರ್ಷ ಗೆಲ್ಲೋ ಅದೇ ಶಾಲೆ. ಹೆಸರು ಬೇಡ. ಮನೆಗೆ ಬರೋವಾಗ ರಿಕ್ಷಾದಲ್ಲಿ ಕೇಳಿದ್ಳು: "ಅಪ್ಪಾ, ಯಾವಾಗ್ಲೂ ಅವರೇ ಗೆದ್ರೆ ನಾವ್ಯಾಕೆ ಆಡ್ಬೇಕು? ನಾನು ಬಿಟ್ಬಿಡ್ಲಾ?"

"ಪ್ರಯತ್ನ ಮುಖ್ಯ ಪುಟ್ಟಾ" ಅಂತ ಏನೋ ಹೇಳಿದೆ. ಅವಳು ಕಿಟಕಿ ಕಡೆ ಮುಖ ತಿರುಗಿಸಿದ್ಳು. ಉತ್ತರ ಸರಿಯಿಲ್ಲ ಅಂತ ನನಗೂ ಗೊತ್ತಿತ್ತು. ಈ ವಿಡಿಯೊ ಆ ಉತ್ತರವನ್ನ ಸರಿ ಮಾಡೋ ಪ್ರಯತ್ನ.

ಮೊದಲು ಬಾಸ್ಕೆಟ್‌ಬಾಲ್‌ನಿಂದಲೇ ಹೊರಡೋಣ. ಎನ್‌ಬಿಎ ಪ್ಲೇಆಫ್ ನೋಡೋರಿಗೆ ಗೊತ್ತು, ನಮಗದು ಬೆಳಗಿನ ಜಾವದ ಆಟ. ಅಲ್ಲಿ ಬಾಸ್ಟನ್ ಸೆಲ್ಟಿಕ್ಸ್ ಅನ್ನೋ ತಂಡ 1959ರಿಂದ 1966ರವರೆಗೆ ಸತತ ಎಂಟು ಸಲ ಗೆದ್ದಿದೆ. ಆ ತಂಡದ ಬಿಲ್ ರಸೆಲ್ 13 ಸೀಸನ್ ಆಡಿ 11 ಸಲ ಚಾಂಪಿಯನ್ ಆದವರು. ಆಗ ಲೀಗ್‌ನಲ್ಲಿ ಇದ್ದದ್ದು ಎಂಟು-ಒಂಬತ್ತು ತಂಡ, ಅದು ಬೇರೆ ಮಾತು. ಇಂಥ ತಂಡಗಳನ್ನೇ ಇಂಗ್ಲಿಷ್‌ನಲ್ಲಿ ಡೈನಾಸ್ಟಿ ಅಂತಾರೆ. ನಮ್ಮ ಮಾತಲ್ಲಿ ರಾಜವಂಶ.

ಸರಿಯಾಗಿ ಅದೇ ಕಾಲದಲ್ಲಿ ನಮ್ಮಲ್ಲೂ ಒಂದು ರಾಜವಂಶ ಇತ್ತು, ಸೆಲ್ಟಿಕ್ಸ್‌ಗಿಂತ ದೊಡ್ಡದು. 1958-59ರಿಂದ 1972-73ರವರೆಗೆ ಸತತ 15 ವರ್ಷ ರಣಜಿ ಟ್ರೋಫಿ ಬಾಂಬೆಯದೇ. ಯೋಚನೆ ಮಾಡಿ. ಮೊದಲ ವರ್ಷ ಹುಟ್ಟಿದ ಮಗು ಎಸ್‌ಎಸ್‌ಎಲ್‌ಸಿಗೆ ಬರೋವರೆಗೂ ಬೇರೆ ಚಾಂಪಿಯನ್ನನ್ನೇ ನೋಡಿಲ್ಲ!

ಅದು ಮುರಿದದ್ದು ಎಲ್ಲಿ? ನಮ್ಮ ಬೆಂಗಳೂರಿನಲ್ಲಿ. 1974ರ ಮಾರ್ಚ್, ಸೆಮಿಫೈನಲ್. ಒಂದು ವಿಷಯ ಗಮನಿಸಿ. ಮೈಸೂರು ರಾಜ್ಯಕ್ಕೆ ಕರ್ನಾಟಕ ಅಂತ ಹೆಸರು ಬಂದದ್ದು 1973ರ ನವೆಂಬರ್ 1ಕ್ಕೆ. ಅಂದ್ರೆ ಕರ್ನಾಟಕ ಅನ್ನೋ ಹೆಸರಲ್ಲಿ ಆಡಿದ ಮೊದಲ ಸೀಸನ್ನೇ ಅದು. ನಾವು 385 ಹೊಡೆದ್ವಿ. ವಿಶ್ವನಾಥ್ 162, ಬ್ರಿಜೇಶ್ ಪಟೇಲ್ 106. ಬಾಂಬೆ ಕಡೆ ಗಾವಸ್ಕರ್ ಇದ್ದಾರೆ, ಅವರನ್ನ ಪ್ರಸನ್ನ ಬೌಲ್ಡ್ ಮಾಡಿದ್ರು. ನಾಯಕ ಅಜಿತ್ ವಾಡೇಕರ್ ಚೆನ್ನಾಗಿ ಆಡ್ತಾ ಇದ್ದವರು ಓಡೋವಾಗ ಕಾಲು ಜಾರಿ ರನ್‌ಔಟ್ ಆದ್ರು. ಬಾಂಬೆ 307ಕ್ಕೆ ಆಲೌಟ್. ಮೊದಲ ಇನಿಂಗ್ಸ್ ಮುನ್ನಡೆ ನಮ್ಮದು. ಆಮೇಲೆ ಜೈಪುರದಲ್ಲಿ ರಾಜಸ್ಥಾನವನ್ನ ಸೋಲಿಸಿ ಮೊದಲ ರಣಜಿ ಮನೆಗೆ ತಂದ್ವಿ.

ನಮ್ಮಪ್ಪ ಆ ಪಂದ್ಯದ ಕಾಮೆಂಟರಿಯನ್ನ ಹಾಸನದಲ್ಲಿ ಒಂದು ಹೋಟೆಲಿನ ರೇಡಿಯೊದಲ್ಲಿ ಕೇಳಿದ್ರಂತೆ. ವಾಡೇಕರ್ ಜಾರಿದ್ದನ್ನ ಇವತ್ತಿಗೂ ಎದ್ದು ನಿಂತು ಅಭಿನಯಿಸಿ ತೋರಿಸ್ತಾರೆ. ಆದ್ರೆ ಜೈಪುರದ ಫೈನಲ್ ಬಗ್ಗೆ ಕೇಳಿ, ಒಂದೇ ವಾಕ್ಯದಲ್ಲಿ ಮುಗಿಸ್ತಾರೆ. ಕಪ್ ಸಿಕ್ಕಿದ್ದು ಜೈಪುರದಲ್ಲಿ, ನೆನಪಿರೋದು ಮಾತ್ರ ಬಾಂಬೆ. ರಾಜವಂಶದ ಪರವಾಗಿ ನಾನು ಹೇಳೋ ಮೊದಲ ಮಾತು ಇದೇ. ಆ 15 ವರ್ಷ ಇರದೇ ಇದ್ದಿದ್ರೆ 1974 ಬರೀ ಒಂದು ಸೆಮಿಫೈನಲ್ ಆಗಿರ್ತಿತ್ತು.

ಆದ್ರೆ ಇಷ್ಟಕ್ಕೇ ನಿಲ್ಲಿಸಿದ್ರೆ ಮಗಳಿಗೆ ಉತ್ತರ ಸಿಗಲ್ಲ. "ಇನ್ನು ಹದಿನೈದು ವರ್ಷ ಸೋಲು, ಆಮೇಲೆ ಗೆದ್ದಾಗ ಚೆನ್ನಾಗಿರುತ್ತೆ" ಅಂತ ಹೇಳೋಕಾಗುತ್ತಾ?

ಹಾಗಾಗಿ ಎರಡನೇ ಪ್ರಶ್ನೆ: ಅವರು ಯಾಕೆ ಗೆಲ್ತಾರೆ? ಮುಂಬೈ ಕ್ರಿಕೆಟ್ಟನ್ನ ನೋಡಿ. ಶಾಲೆಗಳಿಗೆ ಹ್ಯಾರಿಸ್ ಶೀಲ್ಡ್, ಗೈಲ್ಸ್ ಶೀಲ್ಡ್. ಆಫೀಸುಗಳಿಗೆ ಟೈಮ್ಸ್ ಶೀಲ್ಡ್. ಮಳೆಗಾಲದಲ್ಲಿ, ಒದ್ದೆ ಪಿಚ್ ಮೇಲೆ, 1948ರಿಂದ ನಡೀತಾ ಇರೋ ಕಾಂಗಾ ಲೀಗ್. ಇದೆಲ್ಲದಕ್ಕೂ ಹುಡುಗರನ್ನ ಹೊತ್ತು ತರೋದು ಯಾವುದು? ನಾವು ದಿನಾ ಬೈಯೋ ಇದೇ ಲೋಕಲ್ ಟ್ರೇನು. ರೋಹಿತ್ ಶರ್ಮಾ ಅವರ ಅಪ್ಪ-ಅಮ್ಮ ಇದ್ದದ್ದು ನಮ್ಮ ಡೊಂಬಿವಲಿಯ ಒಂದೇ ಕೋಣೆಯ ಮನೇಲಿ. ಮಗ ಬೆಳೆದದ್ದು ಬೋರಿವಲಿಯಲ್ಲಿ, ಅಜ್ಜ-ಅಜ್ಜಿ ಹತ್ರ. ಶಾರ್ದೂಲ್ ಠಾಕೂರ್ ಪಾಲ್ಘರ್‌ನವರು. ತುಷಾರ್ ದೇಶಪಾಂಡೆ ಕಲ್ಯಾಣ್‌ನವರು.

ಈ ತುಷಾರ್ ಅವರದೊಂದು ಇನಿಂಗ್ಸ್ ಹೇಳ್ಲೇಬೇಕು. 2024ರ ಫೆಬ್ರವರಿ, ಬರೋಡಾ ವಿರುದ್ಧ ಕ್ವಾರ್ಟರ್‌ಫೈನಲ್. ಹತ್ತನೇ ಕ್ರಮಾಂಕದಲ್ಲಿ ತನುಷ್ ಕೋಟಿಯನ್ ಔಟಾಗದೆ 120, ಹನ್ನೊಂದನೇ ಕ್ರಮಾಂಕದಲ್ಲಿ ನಮ್ಮ ಕಲ್ಯಾಣ್ ಹುಡುಗ 123. ಕೊನೇ ವಿಕೆಟ್‌ಗೆ 232 ರನ್! ಆ ಸಲವೇ ಮುಂಬೈ 42ನೇ ರಣಜಿ ಗೆದ್ದದ್ದು. ಕಡೇ ಆಟಗಾರನೂ ಶತಕ ಹೊಡೆಯೋ ತಂಡವನ್ನ ಬರೀ ಅದೃಷ್ಟ ಅನ್ನೋಕಾಗಲ್ಲ, ಅಲ್ವಾ? ಅದರ ಹಿಂದೆ ಒಂದು ಏಣಿ ಇದೆ, ಮತ್ತು ಆ ಏಣಿಯ ಕೆಳಗಿನ ಮೆಟ್ಟಿಲು ಕಲ್ಯಾಣ್‌ವರೆಗೂ ಬಂದಿದೆ.

ಇದಕ್ಕೆ ಇನ್ನೊಂದು ಮುಖ ಇದೆ. ನಾವು ಐಟಿಯವರು, 'ಬೆಂಚ್' ಅಂದ್ರೆ ಏನು ಅಂತ ಯಾರೂ ನಮಗೆ ಹೇಳಿಕೊಡಬೇಕಾಗಿಲ್ಲ. (ನಗು) ರಾಜವಂಶಗಳ ಬೆಂಚ್ ತುಂಬಾ ಉದ್ದ ಇರುತ್ತೆ. 1988ರ ಹ್ಯಾರಿಸ್ ಶೀಲ್ಡ್ ಸೆಮಿಫೈನಲ್‌ನಲ್ಲಿ ತೆಂಡೂಲ್ಕರ್, ಕಾಂಬ್ಳಿ ಸೇರಿ 664 ರನ್ ಜೊತೆಯಾಟ ಆಡ್ತಿದ್ದಾಗ, ಮುಂದಿನ ಬ್ಯಾಟ್ಸ್‌ಮನ್ ಪ್ಯಾಡ್ ಕಟ್ಕೊಂಡು ಕೂತೇ ಇದ್ರು. ಅವರು ಅಮೋಲ್ ಮಜುಂದಾರ್. ಆಮೇಲೆ ಪ್ರಥಮ ದರ್ಜೆಯಲ್ಲಿ 11,000ಕ್ಕೂ ಹೆಚ್ಚು ರನ್ ಹೊಡೆದ್ರು. ಭಾರತಕ್ಕೆ ಒಂದೇ ಒಂದು ಪಂದ್ಯ ಆಡಲಿಲ್ಲ. ಇವರನ್ನ ನೆನಪಿಟ್ಟುಕೊಳ್ಳಿ, ಮತ್ತೆ ಬರ್ತಾರೆ.

ಈಗ ನನಗೆ ತುಂಬಾ ಇಷ್ಟವಾದ ಭಾಗ. ರಾಜವಂಶದಲ್ಲಿ ಜಾಗ ಸಿಗದವರು, ಅಲ್ಲಿ ಕೆಲಸ ಮುಗಿಸಿದವರು ಎಲ್ಲಿಗೆ ಹೋಗ್ತಾರೆ? ನಮ್ಮ ಹಾಗೇ, ಬೇರೆ ಊರಿಗೆ. ಮುಂಬೈನ ಚಂದ್ರಕಾಂತ್ ಪಂಡಿತ್ ವಿದರ್ಭಕ್ಕೆ ಕೋಚ್ ಆಗಿ ಹೋದ್ರು. ಮುಂಬೈನ ವಾಸಿಂ ಜಾಫರ್ ಅಲ್ಲಿ ಆಡೋಕೆ ಹೋದ್ರು. ಅದುವರೆಗೆ ಒಮ್ಮೆಯೂ ಗೆಲ್ಲದಿದ್ದ ವಿದರ್ಭ 2017-18, 2018-19 ಎರಡೂ ವರ್ಷ ರಣಜಿ ಗೆದ್ದಿತು. ಮೊದಲ ವರ್ಷ ಸೆಮಿಫೈನಲ್‌ನಲ್ಲಿ ಸೋಲಿಸಿದ್ದು ಯಾರನ್ನ? ನಮ್ಮನ್ನೇ! ಕೋಲ್ಕತ್ತಾದಲ್ಲಿ, 5 ರನ್‌ಗಳಿಂದ. ರಜನೀಶ್ ಗುರ್ಬಾನಿ ಎರಡನೇ ಇನಿಂಗ್ಸ್‌ನಲ್ಲಿ ಏಳು ವಿಕೆಟ್ ಕಿತ್ತರು. ಅವತ್ತು ನಾನು ಟೀವಿ ಮುಂದೆ ವಿದರ್ಭಕ್ಕೆ ಶಾಪ ಹಾಕ್ತಾ ಕೂತಿದ್ದೆ. ಆಮೇಲೆ ಹೊಳೀತು: ಅರೆ, ಇಲ್ಲಿ ದೊಡ್ಡ ತಂಡ ನಾವು! 1974ರಲ್ಲಿ ನಾವಿದ್ದ ಜಾಗದಲ್ಲಿ ಇವತ್ತು ನಾಗಪುರದ ಹುಡುಗರಿದ್ದಾರೆ. ಎಂಟು ಸಲ ರಣಜಿ ಗೆದ್ದ ಮೇಲೂ ನಾವು ಪಾಪದವರು ಅಂದ್ಕೊಂಡಿರೋದು ನಮ್ಮ ಭ್ರಮೆ ಅಷ್ಟೇ.

ಅದೇ ಪಂಡಿತ್ ಮುಂದೆ ಮಧ್ಯಪ್ರದೇಶಕ್ಕೆ ಹೋದ್ರು. 1999ರಲ್ಲಿ ಅವರು ಮಧ್ಯಪ್ರದೇಶದ ನಾಯಕರಾಗಿ ಚಿನ್ನಸ್ವಾಮಿಯಲ್ಲಿ ಕರ್ನಾಟಕದ ಎದುರು ರಣಜಿ ಫೈನಲ್ ಸೋತಿದ್ರು. 2022ರ ಜೂನ್‌ನಲ್ಲಿ ಅದೇ ಮೈದಾನದಲ್ಲಿ, ಅದೇ ರಾಜ್ಯಕ್ಕೆ ಕೋಚ್ ಆಗಿ, ಅದೂ ತಮ್ಮ ತವರು ಮುಂಬೈಯನ್ನೇ ಸೋಲಿಸಿ, ಕಪ್ ಎತ್ತಿದ್ರು. ಇನ್ನು ನಮ್ಮ ಕರುಣ್ ನಾಯರ್. 2015ರ ರಣಜಿ ಫೈನಲ್‌ನಲ್ಲಿ ವಾಂಖೆಡೆಯಲ್ಲಿ ಕರ್ನಾಟಕಕ್ಕೆ 328 ಹೊಡೆದವರು. ನಮ್ಮ ತಂಡದಲ್ಲಿ ಜಾಗ ಹೋದ ಮೇಲೆ ವಿದರ್ಭಕ್ಕೆ ಹೋದ್ರು. 2025ರ ಫೈನಲ್‌ನಲ್ಲಿ 86 ಮತ್ತು 135 ಹೊಡೆದು ಅವರಿಗೆ ಮೂರನೇ ರಣಜಿ ತಂದುಕೊಟ್ರು. ವಲಸೆ ಹೋದವರ ಬೆಲೆ ಗೊತ್ತಾಗೋದು ಹೋದ ಮೇಲೇನೇ.

ನಿಯಮಗಳಿಂದಲೂ ರಾಜವಂಶಗಳನ್ನ ಕಟ್ಟಿಹಾಕಬಹುದು. ಎನ್‌ಬಿಎಯಲ್ಲಿ ಸೋತ ತಂಡಗಳಿಗೆ ಹೊಸ ಪ್ರತಿಭೆಗಳನ್ನ ಮೊದಲು ಆರಿಸೋ ಅವಕಾಶ ಜಾಸ್ತಿ. ಸಂಬಳಕ್ಕೂ ಮಿತಿ ಇದೆ. 2019ರಿಂದ 2025ರವರೆಗೆ ಏಳು ವರ್ಷದಲ್ಲಿ ಏಳು ಬೇರೆ ಬೇರೆ ಚಾಂಪಿಯನ್‌ಗಳು! ಐಪಿಎಲ್‌ನಲ್ಲೂ ಹರಾಜಿಗೆ ಎಲ್ಲರ ಜೇಬೂ ಒಂದೇ ಅಳತೆ. ಆದ್ರೂ 2025ರವರೆಗಿನ 18 ಸೀಸನ್‌ನಲ್ಲಿ 10 ಕಪ್ ಎರಡೇ ತಂಡಗಳಿಗೆ ಹೋಯ್ತು, ಮುಂಬೈಗೆ ಐದು, ಚೆನ್ನೈಗೆ ಐದು. ದುಡ್ಡು ಸಮ ಮಾಡಬಹುದು, ಹುಡುಗರನ್ನ ಹುಡುಕೋ ಕಣ್ಣು, ತಾಳ್ಮೆ ಇವನ್ನ ಹರಾಜಿನಲ್ಲಿ ಕೊಳ್ಳೋಕಾಗಲ್ಲ.

ಐಪಿಎಲ್ ಅಂದ್ರೆ ನೆರುಳಿನ ಡಿ.ವೈ. ಪಾಟೀಲ್ ಸ್ಟೇಡಿಯಂ ನೆನಪಾಗಲೇಬೇಕು. 2008ರ ಜೂನ್ 1, ಮೊದಲ ಫೈನಲ್ ನಡೆದದ್ದು ಅಲ್ಲೇ. ಯಾರೂ ಲೆಕ್ಕಕ್ಕೆ ಇಟ್ಟುಕೊಳ್ಳದಿದ್ದ ರಾಜಸ್ಥಾನವನ್ನ ಶೇನ್ ವಾರ್ನ್ ಗೆಲ್ಲಿಸಿದ್ರು. ನಮ್ಮ ಆರ್‌ಸಿಬಿಗೆ ಮಾತ್ರ ಇನ್ನೂ 17 ವರ್ಷ ಬೇಕಾಯ್ತು, 2025ರ ಜೂನ್ 3ರವರೆಗೆ. ಮಾರನೇ ದಿನ ಚಿನ್ನಸ್ವಾಮಿ ಹೊರಗಿನ ಕಾಲ್ತುಳಿತದಲ್ಲಿ 11 ಜನ ಸತ್ತರು. ಆ ರಾತ್ರಿ ನಮ್ಮ ಗ್ರೂಪ್‌ನಲ್ಲಿ ಯಾರೂ ಒಂದು ಮೆಸೇಜ್ ಹಾಕಲಿಲ್ಲ. ಸೋಲೋ ತಂಡದ ಅಭಿಮಾನ ಪವಿತ್ರ, ಗೆಲ್ಲೋ ತಂಡದ್ದು ಅಹಂಕಾರ ಅಂತ ನಾನು ತುಂಬಾ ವರ್ಷ ನಂಬಿದ್ದೆ. ಆವತ್ತಿನಿಂದ ಆ ಮಾತು ಆಡೋದು ಬಿಟ್ಟಿದ್ದೀನಿ.

ಅದಾದ ಮೇಲೆ ಮಹಿಳಾ ವಿಶ್ವಕಪ್‌ನ ಬೆಂಗಳೂರಿನ ಪಂದ್ಯಗಳು ನವಿ ಮುಂಬೈಗೆ ಬಂದ್ವು, ಅದೇ ಡಿ.ವೈ. ಪಾಟೀಲ್‌ಗೆ. ಅಕ್ಟೋಬರ್ 30, ಸೆಮಿಫೈನಲ್. ಎದುರಿಗೆ ಏಳು ಸಲ ವಿಶ್ವಕಪ್ ಗೆದ್ದ ಆಸ್ಟ್ರೇಲಿಯಾ, ಇವತ್ತಿನ ಕ್ರಿಕೆಟ್‌ನ ನಿಜವಾದ ರಾಜವಂಶ. ನಮ್ಮವರು ಲೀಗ್‌ನಲ್ಲಿ ಸತತ ಮೂರು ಪಂದ್ಯ ಸೋತು ಬಂದಿದ್ರು. ಗುರಿ 339. ಜೆಮಿಮಾ ರಾಡ್ರಿಗಸ್ ಔಟಾಗದೆ 127, ಹರ್ಮನ್‌ಪ್ರೀತ್ 89. ಮಹಿಳಾ ಏಕದಿನದಲ್ಲಿ ಅಷ್ಟು ದೊಡ್ಡ ಮೊತ್ತವನ್ನ ಅದುವರೆಗೆ ಯಾರೂ ಬೆನ್ನಟ್ಟಿ ಗೆದ್ದಿರಲಿಲ್ಲ. ನವೆಂಬರ್ 2ರ ಫೈನಲ್‌ನಲ್ಲಿ ದಕ್ಷಿಣ ಆಫ್ರಿಕಾವನ್ನ 52 ರನ್‌ಗಳಿಂದ ಸೋಲಿಸಿದ್ರು. ಆ ತಂಡದ ಕೋಚ್ ಯಾರು ಗೊತ್ತಾ? ಪ್ಯಾಡ್ ಕಟ್ಕೊಂಡು ಕೂತಿದ್ದ ಅದೇ ಅಮೋಲ್ ಮಜುಂದಾರ್.

ಸೆಮಿಫೈನಲ್ ದಿನ ಮಗಳು ಸೋಫಾ ಮೇಲೆ ನಿಂತಿದ್ಳು, ಕೂರು ಅಂದ್ರೂ ಕೂರ್ಲಿಲ್ಲ. ಆಟ ಮುಗಿದ ಮೇಲೆ ನಾನು ಹೇಳಿದೆ: "ನೋಡಿದ್ಯಾ, ಯಾವಾಗ್ಲೂ ಅವರೇ ಗೆಲ್ಲಲ್ಲ." ಅವಳ ಉತ್ತರ: "ಅಪ್ಪಾ, ಇವರಿಗೆ ಕೋಚ್ ಇದಾರೆ, ಗ್ರೌಂಡ್ ಇದೆ. ನಮ್ಮ ಸ್ಕೂಲಲ್ಲಿ ಒಂದೇ ಬಾಸ್ಕೆಟ್, ಅದಕ್ಕೂ ಬಲೆ ಇಲ್ಲ."

ನೋಡಿ, ನಾನು ಇಷ್ಟು ಹೊತ್ತು ಸುತ್ತಿ ಬಂದ ಜಾಗಕ್ಕೆ ಅವಳು ಒಂದೇ ವಾಕ್ಯದಲ್ಲಿ ಬಂದ್ಳು.

ಹಾಗಾದ್ರೆ ರಾಜವಂಶಗಳು ಆಟಕ್ಕೆ ಒಳ್ಳೇದಾ? ನನ್ನ ಉತ್ತರ: ಏಣಿ ಎಲ್ಲರಿಗೂ ಸಿಗೋವರೆಗೆ ಒಳ್ಳೇದು. ಮುಂಬೈನ ಏಣಿ ಕಲ್ಯಾಣ್‌ಗೆ ಬರುತ್ತೆ, ಅಲ್ಲಿ ಕಲಿತವರು ನಾಗಪುರಕ್ಕೂ ಇಂದೋರ್‌ಗೂ ಹೋಗ್ತಾರೆ, ಒಂದು ದಿನ ವಾಪಸ್ ಬಂದು ಮುಂಬೈಯನ್ನೇ ಸೋಲಿಸ್ತಾರೆ. ಅಂಥ ರಾಜವಂಶ ಇರಲಿ. ಆದ್ರೆ ಆ ಶಾಲೆಯ ಹಾಗೆ, ಒಳಗೆ ನಾಲ್ಕು ಕೋರ್ಟ್ ಇಟ್ಕೊಂಡು ಭಾನುವಾರ ಗೇಟಿಗೆ ಬೀಗ ಹಾಕಿದ್ರೆ, ಅದು ಪ್ರತಿಭೆಯ ಗೆಲುವಲ್ಲ, ಬೀಗದ ಗೆಲುವು.

ನಾನು ಏನು ಮಾಡಿದೆ ಅಂತ ಹೇಳಿ ಮುಗಿಸ್ತೀನಿ. ನಮ್ಮ ಸೊಸೈಟಿಯ ಹಿಂದೆ ಹಾಳು ಸಾಮಾನು ಹಾಕೋ ಒಂದು ಜಾಗ ಇತ್ತು. ಅಲ್ಲೊಂದು ಬಾಸ್ಕೆಟ್ ಕಂಬ ಹಾಕಿಸಿ ಅಂತ ಎಜಿಎಂನಲ್ಲಿ ಕೇಳಿದೆ. ಮೊದಲ ವರ್ಷ "ಗಲಾಟೆ ಆಗುತ್ತೆ" ಅಂತ ಆಗಲಿಲ್ಲ. ಮುಂದಿನ ವರ್ಷ ಆರು ಮನೆಯವರು ಒಟ್ಟಿಗೆ ಹೋದ್ವಿ, ಎರಡು ಮರಾಠಿ ಮನೆ, ಒಂದು ಗುಜರಾತಿ, ಒಂದು ಮಲಯಾಳಿ, ಎರಡು ನಮ್ಮವು. ರಾತ್ರಿ ಎಂಟಕ್ಕೆ ಆಟ ನಿಲ್ಲಿಸಬೇಕು ಅನ್ನೋ ಷರತ್ತಿನ ಮೇಲೆ ಒಪ್ಪಿಗೆ ಸಿಕ್ತು. ಈಗ ಸಂಜೆ ಹತ್ತು-ಹನ್ನೆರಡು ಮಕ್ಕಳು ಆಡ್ತಾರೆ, ಪಕ್ಕದ ಚಾಳಿನ ಮಕ್ಕಳೂ ಬರ್ತಾರೆ. ಗೇಟಿನ ವಾಚ್‌ಮನ್‌ಗೆ ಮೊದಲೇ ಹೇಳಿಟ್ಟಿದ್ದೀನಿ, ಯಾರನ್ನೂ ತಡೀಬೇಡಿ ಅಂತ.

ಈ ವರ್ಷ ಮತ್ತೆ ಅದೇ ಶಾಲೆ ಎದುರು ಬಂತು. ಮತ್ತೆ ಸೋತ್ರು, 11 ಪಾಯಿಂಟ್‌ಗಳಿಂದ. ರಿಕ್ಷಾದಲ್ಲಿ ಈ ಸಲ ಅವಳು ಬಿಡೋ ಮಾತು ಎತ್ತಲಿಲ್ಲ. ಅವರ ಆರನೇ ನಂಬರ್ ಹುಡುಗಿ ಎಡಗೈಯಲ್ಲಿ ಹೇಗೆ ಹಾಕ್ತಾಳೆ ಅಂತ ಮನೆ ಬರೋವರೆಗೂ ವಿವರಿಸ್ತಾ ಇದ್ಳು.

ನಿಮ್ಮ ಸೊಸೈಟಿಯಲ್ಲೂ ಖಾಲಿ ಬಿದ್ದಿರೋ ಒಂದು ಮೂಲೆ ಖಂಡಿತ ಇರುತ್ತೆ. ಮುಂದಿನ ಎಜಿಎಂನಲ್ಲಿ ಕೈ ಎತ್ತಿ. ಏನಾಯ್ತು ಅಂತ ನಮಗೂ ಬರೆದು ತಿಳಿಸಿ.